ಸ್ಟ್ರಾಂಗ್ ಬೇಸ್ ಆನಯಾನ್ ರೆಸಿನ್: ಕನ್ನಡದಲ್ಲಿ ಕ್ಷಾರೀಯವೋ, ಪ್ರತ್ಯಾಮ್ಲೀಯವೋ?

ಮಾನ್ಯರೇ,

ಪಿಂಪ್ರಿ-ಚಿಂಚವಡದ ಕಾರ್ಖಾನೆಗಳ ಪ್ರಯೋಗಾಲಯಗಳಿಗೆ ಸಹಾಯಕರಾಗಿ ಸೇರುವ ಹುಡುಗರಲ್ಲಿ ಅಕ್ಕಲಕೋಟೆ, ಜತ್ತ ತಾಲ್ಲೂಕುಗಳ ಕನ್ನಡ ಶಾಲೆಗಳಲ್ಲಿ ಓದಿದವರೂ ಇದ್ದಾರೆ. ಅವರ ಕೈಗೆ ಕೊಡಲೆಂದು ಸ್ಟ್ರಾಂಗ್ ಬೇಸ್ ಆನಯಾನ್ ರೆಸಿನ್ ಬಳಸುವ ಕ್ರಮವನ್ನು ಪುಣೆಯಲ್ಲಿ ಕುಳಿತು ಕನ್ನಡದಲ್ಲಿ ಬರೆಯುತ್ತಿದ್ದೇನೆ. ದ್ರಾವಣದಲ್ಲಿರುವ ಋಣ ಅಯಾನುಗಳನ್ನು, ಎಂದರೆ ಋಣ ಆವೇಶದ ಕಣಗಳನ್ನು, ಹಿಡಿದುಕೊಂಡು ತನ್ನಲ್ಲಿರುವ ಬೇರೆ ಋಣ ಅಯಾನುಗಳನ್ನು ಬಿಟ್ಟುಕೊಡುವ ಸಣ್ಣ ಮಣಿಗಳೇ ಈ ರೆಸಿನ್. ಪಠ್ಯಪುಸ್ತಕಗಳ ಜಾಡು ಹಿಡಿದರೆ ‘ಪ್ರಬಲ ಪ್ರತ್ಯಾಮ್ಲೀಯ ಋಣ ಅಯಾನು ವಿನಿಮಯ ರಾಳ’ ಎಂಬ ಉದ್ದನೆಯ ಹೆಸರು ಸಿಗುತ್ತದೆ. ಇದನ್ನು ಎಲ್ಲಿ ಮೊಟಕುಗೊಳಿಸಬಹುದು, ಎಲ್ಲಿ ಕೈಯಿಡಬಾರದು ಎಂಬುದರ ಬಗ್ಗೆ ತಮ್ಮ ಅಭಿಪ್ರಾಯ ಬೇಕಾಗಿದೆ.

‘ಕ್ಷಾರೀಯ ರಾಳ’ ಎಂದರೆ ಚಿಕ್ಕದಾಗಿ ಚೊಕ್ಕವಾಗುತ್ತದೆ ಎಂಬ ಸಲಹೆ ಬಂದಿದೆ. ನನಗದು ಒಪ್ಪಿಗೆಯಿಲ್ಲ. ಕರ್ನಾಟಕದ ಪಠ್ಯಗಳು ನೀರಿನಲ್ಲಿ ಕರಗುವ ಪ್ರತ್ಯಾಮ್ಲವನ್ನು ಮಾತ್ರ ಕ್ಷಾರವೆನ್ನುತ್ತವೆ. ಈ ಮಣಿಗಳೋ ನೀರಿನಲ್ಲಿ ಕರಗುವುದೇ ಇಲ್ಲ. ಮಹಾರಾಷ್ಟ್ರದಲ್ಲಿ ತೊಡಕು ಇನ್ನೂ ಹೆಚ್ಚು. ಮರಾಠಿ ವಿಜ್ಞಾನ ಪಾಠದಲ್ಲಿ ಬೇಸ್ ಎಂಬುದಕ್ಕೆ ‘ಆಮ್ಲಾರಿ’ ಎಂದೂ ನಾವು ಲವಣವೆನ್ನುವುದಕ್ಕೆ ‘ಕ್ಷಾರ’ ಎಂದೂ ಹೆಸರು. ಒಂದೇ ಮೇಜಿನ ಬಳಿ ನಿಂತ ಇಬ್ಬರು ಹುಡುಗರು ‘ಕ್ಷಾರ’ ಎಂಬ ಒಂದೇ ಮಾತಿನಿಂದ ಎರಡು ಬೇರೆ ಬೇರೆ ವಸ್ತುಗಳನ್ನು ತಿಳಿದುಕೊಳ್ಳುತ್ತಾರೆ. ವಿನೋದವೆಂದರೆ, ಈ ರೆಸಿನ್‌ಗೆ ಎರಡು ಅರ್ಥಗಳೂ ಸರದಿಯಂತೆ ಒಪ್ಪುತ್ತವೆ. ಅದು ಸಾಮಾನ್ಯವಾಗಿ ಡಬ್ಬಿಯಲ್ಲಿ ಬರುವುದು ಕ್ಲೋರೈಡ್ ರೂಪದಲ್ಲಿ, ಎಂದರೆ ಮರಾಠಿಯ ಕ್ಷಾರವಾಗಿ. ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಯಿಸಿದ ಮೇಲೆ ಹೈಡ್ರಾಕ್ಸೈಡ್ ರೂಪ ತಾಳಿ ಕನ್ನಡದ ಕ್ಷಾರದಂತೆ ವರ್ತಿಸುತ್ತದೆ. ಆದ್ದರಿಂದ ಉಚ್ಚಾರಣೆಗೆ ಒರಟೆನಿಸಿದರೂ ‘ಪ್ರತ್ಯಾಮ್ಲೀಯ’ವನ್ನೇ ಉಳಿಸಿಕೊಳ್ಳುವುದು ಮೇಲು.

ಇನ್ನು ‘ಪ್ರಬಲ’ ಎಂಬ ವಿಶೇಷಣ. ಮೇಲಿನ ಹೆಸರಿನಲ್ಲಿ ಅದು ಯಾವುದಕ್ಕೆ ಅನ್ವಯಿಸುತ್ತದೆಂಬುದು ಹೊಸಬರಿಗೆ ತಿಳಿಯುವುದಿಲ್ಲ; ವಿನಿಮಯವೇ ಪ್ರಬಲವಾಗಿ ನಡೆಯುತ್ತದೆಂದೋ, ಸಾಂದ್ರ ದ್ರಾವಣಕ್ಕೆ ಸಂಬಂಧಿಸಿದ್ದೆಂದೋ ಅರ್ಥಮಾಡಿಕೊಳ್ಳುವವರುಂಟು. ಈ ಮಣಿಗಳ ಒಡಲು ಸ್ಟೈರೀನ್ ಮತ್ತು ಡೈವಿನೈಲ್ ಬೆಂಜೀನ್‌ಗಳು ಹೆಣೆದುಕೊಂಡು ಆದದ್ದು. ಅದಕ್ಕೆ ನಾಲ್ಕು ಇಂಗಾಲದ ಗುಂಪುಗಳು ಸೇರಿದ ಸಾರಜನಕವುಳ್ಳ ಅಮೋನಿಯಂ ಗುಂಪುಗಳು ಅಂಟಿಕೊಂಡಿರುತ್ತವೆ. ಟ್ರೈಮಿಥೈಲ್ ಅಮೀನ್‌ನಿಂದ ಮಾಡಿದ್ದು ಟೈಪ್ 1, ಡೈಮಿಥೈಲ್ ಎಥನಾಲ್ ಅಮೀನ್‌ನಿಂದ ಮಾಡಿದ್ದು ಟೈಪ್ 2. ಆ ಸಾರಜನಕದ ಧನ ಆವೇಶ ಪಿಎಚ್ ಎಷ್ಟೇ ಇದ್ದರೂ ಅಳಿಯುವುದಿಲ್ಲ. ದುರ್ಬಲ ಬಗೆಯದರಲ್ಲಿ ಆವೇಶವು ಆಮ್ಲೀಯ ದ್ರಾವಣದಲ್ಲಿ ಮಾತ್ರ ಇರುತ್ತದೆ. ಹೀಗಾಗಿ ಅದು ನೀರಿನಲ್ಲಿರುವ ಸಿಲಿಕೇಟ್, ಬೈಕಾರ್ಬೊನೇಟ್‌ಗಳನ್ನು ಹಿಡಿಯಲಾರದು, ಪ್ರಬಲ ಬಗೆಯದು ಹಿಡಿಯುತ್ತದೆ. ಲವಣರಹಿತ ನೀರು ತಯಾರಿಸಲು ಧನ, ಋಣ ಅಯಾನುಗಳೆರಡನ್ನೂ ಹಿಡಿಯುವ ರೆಸಿನ್‌ಗಳನ್ನು ಬೆರೆಸಿ ತುಂಬಿದ ಕೊಳವೆಗಳಲ್ಲಿ, ಎಂದರೆ ಮಿಶ್ರ ಕಾಲಂಗಳಲ್ಲಿ, ಪ್ರಬಲ ಬಗೆಯದನ್ನೇ ಹಾಕುವುದು ಇದಕ್ಕಾಗಿ. ಪದಗಳ ಕ್ರಮ ಬದಲಿಸಿ ‘ಋಣ ಅಯಾನು ವಿನಿಮಯಿಸುವ ಪ್ರಬಲ ಪ್ರತ್ಯಾಮ್ಲೀಯ ರೆಸಿನ್’ ಎಂದರೆ ವಿಶೇಷಣವು ತನ್ನ ವಿಶೇಷ್ಯದ ಪಕ್ಕದಲ್ಲೇ ನಿಲ್ಲುತ್ತದೆ. ‘ವಿನಿಮಯಿಸುವ’ ಎಂಬುದನ್ನು ಮಾತ್ರ ಬಿಡಕೂಡದು; ಬರಿಯ ‘ಋಣ ಅಯಾನು ರೆಸಿನ್’ ಎಂದರೆ ಮಣಿಯ ಮೇಲಿನ ಆವೇಶವೇ ಋಣವೆಂದಾಗುತ್ತದೆ, ಅದು ನಿಜಕ್ಕೆ ತೀರ ವಿರುದ್ಧ.

‘ರಾಳ’ದ ಬದಲು ‘ರೆಸಿನ್’ ಎಂದದ್ದಕ್ಕೂ ಕಾರಣ ಹೇಳಬೇಕು. ರಾಳವೆಂದರೆ ನಮಗೆ ಧೂಪಕ್ಕೆ ಹಾಕುವ ಮರದ ಅಂಟು, ಯಕ್ಷಗಾನದ ರಂಗಸ್ಥಳದಲ್ಲಿ ದೊಂದಿಗೆ ಎರಚಿ ಭಗ್ಗೆಂದು ಉರಿಸುವ ಪುಡಿ. ಪ್ರಯೋಗಾಲಯದಲ್ಲಿ ರಾಳವೆನ್ನುವವರನ್ನು ನಾನು ಕಂಡಿಲ್ಲ. ಎಲ್ಲರ ಬಾಯಲ್ಲೂ ರೆಸಿನ್ನೇ.

ನಿಜವಾದ ಕಷ್ಟವಿರುವುದು ಕ್ರಿಯಾಪದಗಳಲ್ಲಿ. ನಿಕಲ್ ಮತ್ತು ಕೋಬಾಲ್ಟ್‌ಗಳನ್ನು ಬೇರ್ಪಡಿಸುವ ಪ್ರಸಿದ್ಧ ಪ್ರಯೋಗವನ್ನೇ ತೆಗೆದುಕೊಳ್ಳಿ. ಎರಡನ್ನೂ 9 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ ಕ್ಲೋರೈಡ್ ರೂಪದ ರೆಸಿನ್ ಮೇಲೆ ಹಾಕಿದರೆ, ಕೋಬಾಲ್ಟ್ ಕ್ಲೋರೈಡ್‌ಗಳೊಡನೆ ಕೂಡಿ ಋಣ ಆವೇಶದ ನೀಲಿ ಸಂಕೀರ್ಣವಾಗಿ ಮೇಲಿನ ಭಾಗದಲ್ಲೇ ಪಟ್ಟಿಯಾಗಿ ನಿಲ್ಲುತ್ತದೆ, ಅಂಥ ಸಂಕೀರ್ಣವಾಗದ ನಿಕಲ್ ಹಸಿರಾಗಿ ಕೆಳಗಿಳಿದು ಬರುತ್ತದೆ. ಬಳಿಕ ಅದಕ್ಕಿಂತ ತೆಳುವಾದ 4 ಮೋಲಾರ್ ಆಮ್ಲ ಹಾಕಿದಾಗ ಆ ಸಂಕೀರ್ಣ ಒಡೆದು ಕೋಬಾಲ್ಟ್ ಇಳಿಯುತ್ತದೆ. ರೆಸಿನ್ ಹಿಡಿದದ್ದನ್ನು ಹೀಗೆ ದ್ರಾವಣ ಹಾಯಿಸಿ ಇಳಿಸುವ ಎಲ್ಯೂಶನ್ನಿಗೆ ‘ಕ್ಷಾಲನ’ ಎಂಬ ಪದ ಸೂಚಿತವಾಗಿದೆ; ಆದರೆ ನಡುವೆ ಬರಿದೇ ತೊಳೆಯುವ ಹಂತವೂ ಇರುವುದರಿಂದ ಎರಡೂ ಕಲಸಿಹೋಗುತ್ತವೆ. ‘ಹಿಡಿಯುವುದು’, ‘ತೊಳೆಯುವುದು’, ‘ಬಿಡಿಸುವುದು’ ಎಂಬ ಮೂರು ಕನ್ನಡ ಕ್ರಿಯಾಪದಗಳನ್ನು ಮೂರು ಹಂತಗಳಿಗೆ ಬಳಸಬೇಕೆಂಬುದು ನನ್ನ ಇರಾದೆ.

ಹಿಡಿಯುವ ಶಕ್ತಿ ತೀರಿದ ರೆಸಿನ್ನನ್ನು ಮತ್ತೆ ಬೇಕಾದ ರೂಪಕ್ಕೆ ತರುವ ‘ರೀಜನರೇಶನ್’ ಎಂಬುದಕ್ಕೆ ಮಾತ್ರ ಇಂಥ ಸುಲಭ ದಾರಿ ಕಾಣುತ್ತಿಲ್ಲ. ‘ಪುನರುಜ್ಜೀವನ’ ಎಂದರೆ ದಣಿದ ರೆಸಿನ್ನಿಗೆ ಸರಿಹೋಗುತ್ತದೆ. ಆದರೆ ಹೊಸ ಡಬ್ಬಿಯ ಕ್ಲೋರೈಡ್ ರೂಪವನ್ನು ಮೊದಲ ಬಾರಿ ಹೈಡ್ರಾಕ್ಸೈಡ್ ರೂಪಕ್ಕೆ ತರುವಾಗಲೂ ಸಹಾಯಕರು ಮಾಡುವುದು ಅದೇ ಕೆಲಸ. ಈ ರೆಸಿನ್‌ಗೆ ಹೈಡ್ರಾಕ್ಸೈಡ್‌ಗಿಂತ ಕ್ಲೋರೈಡಿನ ಮೇಲೆ ಒಲವು ಹೆಚ್ಚಾದ್ದರಿಂದ ಸೋಡಿಯಂ ಹೈಡ್ರಾಕ್ಸೈಡನ್ನು ಧಾರಾಳವಾಗಿ, ನಿಧಾನವಾಗಿ ಹಾಯಿಸಬೇಕು; ಕೆಳಗೆ ಬಂದ ದ್ರಾವಣಕ್ಕೆ ನೈಟ್ರಿಕ್ ಆಮ್ಲ ಸೇರಿಸಿ ಆಮ್ಲೀಯಗೊಳಿಸಿದ ಮೇಲೆ ಸಿಲ್ವರ್ ನೈಟ್ರೇಟ್ ಹಾಕಿ, ಬಿಳಿ ಒತ್ತರ ಬರುವುದು ನಿಂತಿತೇ ಎಂದು ನೋಡಬೇಕು. ಆಮ್ಲ ಸೇರಿಸುವುದನ್ನು ಮರೆತರೆ ಬೆಳ್ಳಿಯ ಆಕ್ಸೈಡ್ ಕಂದಾಗಿ ಇಳಿದು ದಾರಿ ತಪ್ಪಿಸುತ್ತದೆ. ರೂಪ ಬದಲಾದಂತೆ ಮಣಿಗಳು ಸುಮಾರು ಶೇಕಡ 20ರಷ್ಟು ಉಬ್ಬುವುದರಿಂದ ಗಾಜಿನ ಕಾಲಂನಲ್ಲಿ ಮೇಲೆ ಜಾಗ ಬಿಟ್ಟಿರಬೇಕು. ಹೈಡ್ರಾಕ್ಸೈಡ್ ರೂಪವನ್ನು ತೆರೆದಿಟ್ಟರೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕಾರ್ಬೊನೇಟ್ ಆಗುತ್ತದೆ. ಟೈಪ್ 1ನ್ನೂ 60 ಡಿಗ್ರಿ ಸೆಲ್ಸಿಯಸ್ ದಾಟಿ ಬಿಸಿಮಾಡಿದರೆ ಕೆಡತೊಡಗಿ ಟ್ರೈಮಿಥೈಲ್ ಅಮೀನ್ ಹೊರಬರುತ್ತದೆ, ಹಳಸಿದ ಮೀನಿನ ಆ ವಾಸನೆಯನ್ನು ಮುಂಬಯಿ, ಗೋವೆಯ ಕನ್ನಡಿಗರಿಗೆ ಬಣ್ಣಿಸಬೇಕಾಗಿಲ್ಲ.

ಹೊಸ ರೆಸಿನ್ನಿಗೂ ದಣಿದ ರೆಸಿನ್ನಿಗೂ ಒಪ್ಪುವಂತೆ ‘ರೂಪ ಬದಲಿಸುವುದು’ ಎಂದು ಬರೆದರೆ ಸಾಲದೇ? ಅಥವಾ ನೀರು ಶುದ್ಧೀಕರಣದ ಘಟಕಗಳಲ್ಲಿ ದುಡಿಯುವ ಕನ್ನಡಿಗರ ನಡುವೆ ಇದಕ್ಕಾಗಿ ಬೇರೊಂದು ಮಾತು ಈಗಾಗಲೇ ಬಳಕೆಯಲ್ಲಿದೆಯೇ? ಬಲ್ಲವರು ಅದನ್ನು ಬಳಸುವ ವಾಕ್ಯದ ಸಮೇತ ತಿಳಿಸಬೇಕಾಗಿ ವಿನಂತಿ.