ಬಲ ಹೋಗಿ ಬಾಲ ಆಯ್ತು. ಮತ್ತೆ ಹಾಡು ಬರೆಯೋದು ಹೇಗೆ?

ಬೆಟಗೇರಿ ಗಿಟಾರ್:
ಎಲ್ಲರಿಗೂ ವಂದನೆ. ನಮ್ಮ ಚರ್ಚ್ ಸಭೆಯಲ್ಲಿ ಆರು ವರ್ಷದಿಂದ ಗಿಟಾರ್ ನುಡಿಸುತ್ತಿದ್ದೇನೆ. ಬೇರೆಯವರ ಹಾಡಿಗೆ ನುಡಿಸುವಾಗ ಭಯ ಇಲ್ಲ. ಈಚೆಗೆ ಮೊದಲ ಸಲ ಸ್ವಂತ ಹಾಡು ಕಟ್ಟಿದೆ. ಬೈಬಲ್‌ನ 18ನೇ ಕೀರ್ತನೆ ಓದುತ್ತಾ ಕೂತಾಗ ಹೊಳೆದ ಸಾಲು: 'ನನ್ನ ಬಲ ನೀನೇ'. ರಾಗ ಮಾತ್ರ ಮೊದಲೇ ತಲೆಯಲ್ಲಿತ್ತು. ಕಾರ್ಡ್‌ಗಳು ಜಿ, ಡಿ, ಇ ಮೈನರ್, ಸಿ. ಯೂಟ್ಯೂಬ್‌ನಲ್ಲಿ ಇಂಗ್ಲಿಷ್ ಹಾಡು ಕೇಳಿ ಕೇಳಿ ಬೆರಳಿಗೆ ಅಂಟಿಕೊಂಡಿದ್ದು. ಆ ರಾಗದಲ್ಲಿ 'ಬ' ಮೇಲೆ ಮೂರು ಬೀಟ್ ನಿಲ್ಲಬೇಕು.

ಸಂಡೇ ಸ್ಕೂಲ್ ಮಕ್ಕಳಿಗೆ ಕಲಿಸಿದೆ. ಭಾನುವಾರ ತುಂಬಿದ ಸಭೆಯ ಮುಂದೆ ಇಪ್ಪತ್ತು ಮಕ್ಕಳು ಗಟ್ಟಿಯಾಗಿ 'ನನ್ನ ಬಾಲ ನೀನೇ' ಅಂತ ಹಾಡಿದರು. ಒಬ್ಬ ಹುಡುಗ ಕೈ ಹಿಂದೆ ಇಟ್ಟು ಅಲ್ಲಾಡಿಸಿಯೂ ಬಿಟ್ಟ. ಸಭಾಪಾಲಕರಿಗೂ ನಗು ತಡೆಯಲಾಗಲಿಲ್ಲ.

ಅವತ್ತಿನಿಂದ ಪೆನ್ನು ಹಿಡಿದರೆ ಆ ನಗುವೇ ಕೇಳಿಸುತ್ತದೆ. ದೇವರು ಕೊಟ್ಟ ಹಾಡಾಗಿದ್ದರೆ ಹೀಗಾಗುತ್ತಿತ್ತಾ?

ಧಾರವಾಡದ ಆಲ್ಟೊ:
ತಮ್ಮಾ, ನನಗೂ ನಗು ಬಂತು, ಬೇಜಾರಾಗಬೇಡ. ಸಾಲು ಚೆನ್ನಾಗಿದೆ. ಕೆಟ್ಟಿದ್ದು ಅಳತೆ. ಅದಕ್ಕೆ ದೇವರನ್ನು ಯಾಕೆ ಎಳೆಯುತ್ತೀ? ಇಂಗ್ಲಿಷಿನಲ್ಲಿ ಸ್ವರ ಎಳೆದರೆ ಅರ್ಥ ಕೆಡೋದು ಕಡಿಮೆ. ನಮ್ಮಲ್ಲಿ ಹಾಗಲ್ಲ, ಬಲ ಬೇರೆ, ಬಾಲ ಬೇರೆ.

ಕಿಟೆಲ್ ಪಾದ್ರಿ ಅಂದರೆ ನಮಗೆ ನಿಘಂಟು ಮಾತ್ರ ನೆನಪು. ಅದು ಬಂದಿದ್ದು 1894ರಲ್ಲಿ. ಅದಕ್ಕೂ ಎಷ್ಟೋ ಮೊದಲು, 1862ರಲ್ಲೇ, ಅವರು ಯೇಸುವಿನ ಬದುಕನ್ನು ನಮ್ಮ ಛಂದಸ್ಸಿನಲ್ಲಿ 'ಕಥಾಮಾಲೆ' ಅಂತ ಬರೆದಿದ್ದರು. 1875ರಲ್ಲಿ ನಾಗವರ್ಮನ ಛಂದಸ್ಸಿನ ಹಳೇ ಗ್ರಂಥ 'ಛಂದೋಂಬುಧಿ'ಯನ್ನೇ ಸಂಪಾದಿಸಿದರು. ಜರ್ಮನಿಯಿಂದ ಬಂದವರು ಲಘು ಗುರು ಲೆಕ್ಕ, ಅಂದರೆ ಒಂದು ಮಾತ್ರೆಯ ಅಕ್ಷರ ಯಾವುದು ಎರಡು ಮಾತ್ರೆಯದು ಯಾವುದು ಅಂತ, ಕಲಿತರು, ನಾವು ಇಲ್ಲೇ ಹುಟ್ಟಿ ಬೀಟ್ ಎಣಿಸುತ್ತಾ ಕೂತಿದ್ದೇವೆ! ಗಿಟಾರ್ ಮೂಲೆಗಿಡು. ಸಾಲನ್ನು ಸುಮ್ನೆ ಮಾತಾಡಿದ ಹಾಗೆ ಹತ್ತು ಸಲ ಹೇಳು. ಎಲ್ಲಿ ಎಳೆಯಬಹುದು ಅಂತ ಬಾಯಿಗೇ ಗೊತ್ತಾಗುತ್ತದೆ.

ಹಳೇ ತಬಲಾ:
ಆಲ್ಟೊ ಆಂಟಿ ಹೇಳಿದ್ದು ಸರಿ. ಲೆಕ್ಕ ನಾನು ಹಾಕಿ ಕೊಡುತ್ತೇನೆ. 'ನನ್ನ' ಮೂರು ಮಾತ್ರೆ. 'ಬಲ' ಎರಡೇ. ಒಂದು ಅಕ್ಷರ ಸೇರಿಸಿ 'ಬಲವು' ಮಾಡಿ, ಅದೂ ಮೂರಾಯ್ತು. ಈಗ ಆರು ಮಾತ್ರೆಯ ದಾದ್ರಾ ತಾಳಕ್ಕೆ ಸರಿಯಾಗಿ ಕೂರುತ್ತದೆ. ಧಾ ಧೀ ನಾ, ಧಾ ತೂ ನಾ. ನನ್ನ ಬಲವು. ಮುಂದಿನ ಆರು ಮಾತ್ರೆ ಪೂರ್ತಿ 'ನೀನೇ'ಗೆ ಬಿಡಿ. ಎರಡೂ ದೀರ್ಘ, ಎಷ್ಟು ಎಳೆದರೂ ನೀನೇ ನೀನೇ.

ಬೆಟಗೇರಿ ಗಿಟಾರ್:
ತೊಡೆ ಮೇಲೆ ತಟ್ಟಿ ನೋಡಿದೆ. ಕೂತಿತು ಸರ್! ಆದರೆ ದಾದ್ರಾ ಅಂದರೆ ನಮ್ಮ ಹಿರಿಯರು 'ಭಜನೆ ಥರ ಆಯ್ತು' ಅನ್ನುವುದಿಲ್ವಾ?

ಹಳೇ ತಬಲಾ:
ಅನ್ನಲಿ ಬಿಡಿ. ಪಕ್ಕದ ಮಹಾರಾಷ್ಟ್ರದಲ್ಲಿ ಕ್ರೈಸ್ತ ಕವಿ ನಾರಾಯಣ ವಾಮನ ತಿಲಕರು ಕ್ರಿಸ್ತನ ಮೇಲೆ, ವಿಠ್ಠಲನ ಭಕ್ತರು ಹಾಡುವಂಥ ಅಭಂಗಗಳನ್ನೇ ಬರೆದರು. ತಾಳಕ್ಕೆ ಜಾತಿ ಇಲ್ಲ. ಒಂದು ಮಾತು, ನೇರವಾಗಿ ಭಾನುವಾರಕ್ಕೆ ಹೋಗಬೇಡಿ. ಮೊದಲು ಯಾರದಾದರೂ ಮನೆ ಪ್ರಾರ್ಥನೆಯಲ್ಲಿ, ಮೈಕ್ ಇಲ್ಲದೆ ಹಾಡಿ.

ಬೆಟಗೇರಿ ಗಿಟಾರ್:
ಶುಕ್ರವಾರ ಹಾಡಿದೆ. ಒಂಬತ್ತು ಜನ ಇದ್ದರು. ಕೈ ನಡುಗಿತು, ಎರಡನೇ ಚರಣದಲ್ಲಿ ಕಾರ್ಡ್ ತಪ್ಪಿತು. ಅಷ್ಟರಲ್ಲಿ ಮೂಲೆಯಲ್ಲಿದ್ದ ಅಜ್ಜಿ ಪಲ್ಲವಿ ಹಿಡಿದುಬಿಟ್ಟಿದ್ದರು, ನಾನು ಅವರ ಹಿಂದೆ ಹೋದೆ. ಬಾಲ ಅಲ್ಲಾಡಿಸಿದ ಹುಡುಗನೂ ಬಂದಿದ್ದ. ಮುಗಿದ ಮೇಲೆ ಹತ್ತಿರ ಬಂದು, "ಅಣ್ಣಾ, ಹಳೇದೇ ಚೆನ್ನಾಗಿತ್ತು" ಅಂದ.