ಕಾರ್ಬನ್ ಟೆಟ್ರಾಕ್ಲೋರೈಡ್‌ನಿಂದ ಯಕೃತ್ತಿಗೇ ಏಕೆ ಇಷ್ಟು ಹಾನಿ?

ಪ್ರಶ್ನೆ: ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ದ್ರಾವಕ (ಇತರ ವಸ್ತುಗಳನ್ನು ಕರಗಿಸುವ ದ್ರವ) ರಾಸಾಯನಿಕವಾಗಿ ಅಷ್ಟೇನೂ ಚುರುಕಾದ ವಸ್ತುವಲ್ಲ. ಆದರೂ ಅದರ ಆವಿಯನ್ನು ಉಸಿರಾಡಿದವರ ಯಕೃತ್ತಿನಲ್ಲಿ, ಅದರಲ್ಲಿಯೂ ಕೇಂದ್ರ ಅಭಿಧಮನಿಗಳ (ಯಕೃತ್ತಿನ ಪ್ರತಿ ಸಣ್ಣ ಘಟಕದ ನಡುವಿನ ರಕ್ತನಾಳಗಳ) ಸುತ್ತಲಿನ ಜೀವಕೋಶಗಳೇ ಮೊದಲು ಸಾಯುವುದೇಕೆ?

ಉತ್ತರ 1: ಮುಖ್ಯ ಹಾನಿ ಮೂಲ ದ್ರಾವಕದಿಂದಲ್ಲ, ಯಕೃತ್ತೇ ಅದರಿಂದ ತಯಾರಿಸುವ ಉತ್ಪನ್ನದಿಂದ. ಸಿವೈಪಿ2ಇ1 ಎಂಬ ಕಿಣ್ವವು ಒಂದು ಎಲೆಕ್ಟ್ರಾನನ್ನು ನೀಡಿ ಕ್ಲೋರಿನ್ ಪರಮಾಣುವನ್ನು ಬೇರ್ಪಡಿಸಿದಾಗ ಟ್ರೈಕ್ಲೋರೋಮೀಥೈಲ್ ಎಂಬ ಅಣುತುಣುಕು, ಅಂದರೆ ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಅತಿ ಚುರುಕಾದ ರ‍್ಯಾಡಿಕಲ್ ಹುಟ್ಟುತ್ತದೆ; ಅದು ಆಮ್ಲಜನಕದೊಡನೆ ಸೇರಿ ಇನ್ನೂ ಉಗ್ರವಾದ ಪೆರಾಕ್ಸಿ ರ‍್ಯಾಡಿಕಲ್ ಆಗಿ, ಜೀವಕೋಶದ ಪೊರೆಗಳಲ್ಲಿರುವ ಅಪರ್ಯಾಪ್ತ ಕೊಬ್ಬಿನಾಮ್ಲಗಳಿಂದ ಹೈಡ್ರೋಜನ್ ಕಿತ್ತುಕೊಂಡು, ತಾನೇ ಹಬ್ಬುತ್ತಾ ಹೋಗುವ ಸರಪಳಿ ಕ್ರಿಯೆಯನ್ನು ಆರಂಭಿಸುತ್ತದೆ. ಈ ಕಿಣ್ವ ಹೇರಳವಾಗಿರುವುದು ಕೇಂದ್ರ ಅಭಿಧಮನಿಯ ಸುತ್ತಲೇ. ರಕ್ಷಣೆ ನೀಡಬೇಕಾದ ಗ್ಲುಟಾಥಯೋನ್ ಕೂಡ ಅಲ್ಲಿ ಕಡಿಮೆ.

ಉತ್ತರ 2: ಮದ್ಯಪಾನವನ್ನೂ ಇಲ್ಲಿ ಗಮನಿಸಬೇಕು. ನಿಯಮಿತವಾಗಿ ಮದ್ಯ ಸೇವಿಸುವವರಲ್ಲಿ ಇದೇ ಕಿಣ್ವದ ಪ್ರಮಾಣ ಹೆಚ್ಚುವುದರಿಂದ, ಇತರರು ಸಹಿಸಬಲ್ಲ ಪ್ರಮಾಣವೂ ಅವರಿಗೆ ಅಪಾಯಕಾರಿಯಾಗಬಹುದು.

ಉತ್ತರ 3: ಹಾಗೆಂದು ಎಲ್ಲ ದ್ರಾವಕಗಳನ್ನೂ ಒಂದೇ ಗುಂಪಿಗೆ ಸೇರಿಸುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಕ್ಲೋರೋಫಾರ್ಮ್‌ನಿಂದ ಪ್ರೋಟೀನುಗಳಿಗೆ ಅಂಟಿಕೊಳ್ಳುವ ಫಾಸ್ಜೀನ್ ಎಂಬ ವಿಷವಸ್ತು ಉಂಟಾಗುತ್ತದೆ. ಟಾಲೂಯಿನ್ ಮಾತ್ರ ಬಹುಪಾಲು ಹಿಪ್ಯೂರಿಕ್ ಆಮ್ಲವಾಗಿ ಮೂತ್ರದಲ್ಲಿ ಹೊರಹೋಗುತ್ತದೆ, ಅದರ ಪೆಟ್ಟು ಹೆಚ್ಚಾಗಿ ಬೀಳುವುದು ನರಮಂಡಲದ ಮೇಲೆ.