ಕೆರೆಯಿಂದ ಕೆರೆಗೆ, ಮಧ್ಯೆ ಮಿರ್ಚಿ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೈವೇ ಬಿಟ್ಟು ಹೋಗುವುದು ಹೇಗೆ ಅಂತ ನಮ್ಮೂರಲ್ಲಿ ಯಾರನ್ನಾದರೂ ಕೇಳಿ ನೋಡಿ. “ಯಾಕೆ ಬಿಡಬೇಕು?” ಅಂತ ತಿರುಗಿ ಕೇಳುತ್ತಾರೆ. ನಿಜ, ಕಾರಿಗೆ, ಬಸ್ಸಿಗೆ ಬಿಡುವ ಅಗತ್ಯವೇ ಇಲ್ಲ. ಸೈಕಲ್ ತುಳಿಯುವವನಿಗೆ ಮಾತ್ರ ಪಕ್ಕದಲ್ಲಿ ಲಾರಿ ಹಾದುಹೋದಾಗಲೆಲ್ಲ ಮನೆದೇವರು ನೆನಪಾಗುತ್ತಾರೆ. ಹಾಗಾಗಿ ಹೈವೇ ಬೇಡ ಅನ್ನುವುದರಲ್ಲಿ ನಮ್ಮ ಗುಂಪಿಗೆ ಒಮ್ಮತ. ಮತ್ತೆ ಈ ಸಲ ಎಲ್ಲಿಗೆ, ಯಾವ ದಾರಿ ಅಂತ ಶುರುವಾದರೆ, ರಾಮ್ ಅಂಡ್ ಕೋ ಸರ್ಕಲ್ ಹತ್ತಿರ ತಂದಿಟ್ಟ ಮಿರ್ಚಿ ಆರಿ ತಣ್ಣಗಾದರೂ ತೀರ್ಮಾನ ಆಗುವುದಿಲ್ಲ.

ಗುಂಪು ಅಂದರೆ ನಾಲ್ಕೇ ಜನ. ಹಾರ್ಡ್‌ವೇರ್ ಅಂಗಡಿಯ ಮಂಜಣ್ಣ, ಬ್ಯಾಂಕಿನಲ್ಲಿರುವ ತಿಪ್ಪೇಶ, ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ರಿಟೈರ್ ಆದ ಗಿರಿಜಕ್ಕ, ಮತ್ತೆ ನಾನು. ತಿಪ್ಪೇಶ ದುರ್ಗದವನು. ಕೋಟೆಯ ಮಾತು ಬಂದರೆ ಅವನ ಮನೆಯ ಕಾಂಪೌಂಡಿನ ಬಗ್ಗೆ ಮಾತಾಡಿದಂತೆ ಎದ್ದು ಕೂರುತ್ತಾನೆ.

“ಹರಿಹರಕ್ಕೆ ಹೋಗೋಣ,” ಅಂದ ಮಂಜಣ್ಣ. “14 ಕಿಲೋಮೀಟರ್. ಹೋದೆವು, ತಿಂಡಿ ತಿಂದೆವು, ಬಂದೆವು.”

“ದೇವಸ್ಥಾನ?” ಅಂದರು ಗಿರಿಜಕ್ಕ.

“ಅದು ಅಲ್ಲೇ ಇರುತ್ತಲ್ಲ ಅಕ್ಕ, ಎಲ್ಲಿಗೆ ಹೋಗುತ್ತೆ?”

“ಎಲ್ಲಿಗೂ ಹೋಗಲ್ಲ. 1224ರಿಂದ ಅಲ್ಲೇ ಇದೆ. ಹೊಯ್ಸಳರ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಹರಿಹರಕ್ಕೆ ಅಷ್ಟು ಸಲ ಹೋಗಿದ್ದೀಯಲ್ಲ, ಒಳಗೆ ಕಾಲಿಟ್ಟಿದ್ದೀಯಾ?”

“ಅರ್ಧ ಹರಿ, ಅರ್ಧ ಹರ ಅಲ್ವಾ ಅಕ್ಕ? ನಾನೂ ಅರ್ಧ ದರ್ಶನ ಮಾಡಿದ್ದೀನಿ. ಹೊರಗಿನಿಂದ.”

ಗಿರಿಜಕ್ಕ ಆ ಮಾತನ್ನು ಮಂಡಕ್ಕಿಯ ಜೊತೆ ನುಂಗಿಕೊಂಡು ತಮ್ಮ ಸಿದ್ಧಾಂತಕ್ಕೆ ಬಂದರು. ಅವರ ಸಿದ್ಧಾಂತ ಸರಳ. ಮೊಬೈಲಿನ ಮ್ಯಾಪ್ ನೋಡಬೇಡಿ, ಕೆರೆ ನೋಡಿ. ಹಳೇ ಕಾಲದಲ್ಲಿ ಎತ್ತಿನ ಗಾಡಿಯವನಿಗೆ ಎತ್ತಿಗೆ ನೀರು ಬೇಕಿತ್ತು. ಅದಕ್ಕೇ ಹಳೇ ದಾರಿಗಳು ಕೆರೆಯಿಂದ ಕೆರೆಗೆ ಹೋಗುತ್ತವೆ. ಕೆರೆ ಇದ್ದಲ್ಲಿ ಊರು, ಊರಿದ್ದಲ್ಲಿ ಗುಡಿ, ಗುಡಿ ಇದ್ದಲ್ಲಿ ಒಂದು ಶಾಸನದ ಕಲ್ಲು. ಹೈವೇಗೆ ಎತ್ತೂ ಇಲ್ಲ, ಬಾಯಾರಿಕೆಯೂ ಇಲ್ಲ. ಅದು ಇವೆಲ್ಲವನ್ನೂ ಪಕ್ಕಕ್ಕೆ ಬಿಟ್ಟು ನೆಟ್ಟಗೆ ಹೋಗಿಬಿಡುತ್ತದೆ. ಈ ಮಾತಿಗೆ ನನ್ನ ಪೂರ್ತಿ ಬೆಂಬಲ. ಕೆರೆ ಏರಿಯ ಮೇಲಿನ ರಸ್ತೆ ಸಮತಟ್ಟಾಗಿರುತ್ತದೆ ಅನ್ನುವುದು ನನ್ನ ಖಾಸಗಿ ಕಾರಣ.

“ಹರಿಹರದಲ್ಲಿ ತುಂಗಭದ್ರೆಗೆ ಸೇರುತ್ತಲ್ಲ, ಹರಿದ್ರಾ, ಆ ಹಳ್ಳ ಬರೋದು ಸೂಳೆಕೆರೆಯಿಂದ,” ಅಂದರು ಅಕ್ಕ. “ಅದರ ಬೆನ್ನು ಹಿಡಿಯಿರಿ. ನಂದಿತಾವರೆಯಲ್ಲಿ ಹೊಯ್ಸಳರ ಕಾಲದ ಈಶ್ವರನ ಗುಡಿ. ಆಮೇಲೆ ಮಲೇಬೆನ್ನೂರು. ಅಲ್ಲಿಂದ ಮುಂದೆ ದೊಡ್ಡ ರಸ್ತೆ ಬಿಟ್ಟು ಭದ್ರಾ ಚಾನಲ್ ಪಕ್ಕದ ಹಳ್ಳಿ ದಾರಿ. ಒಂದು ಕಡೆ ಗದ್ದೆ, ಇನ್ನೊಂದು ಕಡೆ ಅಡಿಕೆ ತೋಟ. ನೆರಳೇ ನೆರಳು.”

ಸೂಳೆಕೆರೆ ಮೊದಲ ಸಲ ನೋಡುವವರಿಗೆ ಒಂದು ತಮಾಷೆ ಇದೆ. ಏರಿ ತುಂಬ ಉದ್ದ ಇರಬೇಕು ಅಂದುಕೊಂಡು ಹೋಗುತ್ತೀರಿ. ಇಲ್ಲ. ಎರಡು ಗುಡ್ಡದ ನಡುವಿನ ಸಂದಿಗೆ ಗಿಡ್ಡದೊಂದು ಏರಿ ಹಾಕಿದ್ದಾರೆ, ಅಷ್ಟೇ. ಅದರ ಹಿಂದೆ ಮಾತ್ರ ಕಣ್ಣು ಹೋದಷ್ಟು ದೂರಕ್ಕೂ ನೀರೇ. ಶಾಂತವ್ವ ಅನ್ನುವ ರಾಜಕುಮಾರಿ ಕಟ್ಟಿಸಿದಳು ಅಂತ ಕಥೆ. ಕಡಿಮೆ ಮಣ್ಣಿನಲ್ಲಿ ಜಾಸ್ತಿ ನೀರು ಹಿಡಿಯುವ ಜಾಗ ಹುಡುಕಿದವರು ಯಾರೇ ಆಗಿರಲಿ, ಲೆಕ್ಕದಲ್ಲಿ ಗಟ್ಟಿ. ಮಂಜಣ್ಣನಿಗಂತೂ ಇದು ತುಂಬ ಹಿಡಿಸಿತು. “ಎಸ್ಟಿಮೇಟ್ ಹಾಕಿದವರಿಗೆ ಸನ್ಮಾನ ಮಾಡಬೇಕು ಕಣ್ರೀ,” ಅಂದ. ಅಲ್ಲಿಂದ ವಾಪಸ್ಸಾಗುವಾಗ ಸಂತೇಬೆನ್ನೂರು. 16ನೇ ಶತಮಾನದಲ್ಲಿ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ, ನಡುವೆ ವಸಂತ ಮಂಟಪ, ಎದುರಿಗೆ ದಾರಿಹೋಕರು ತಂಗುತ್ತಿದ್ದ ಮುಸಾಫಿರ್‌ಖಾನೆ.

“ಮುಸಾಫಿರ್‌ಖಾನೆಯಲ್ಲಿ ಊಟ ಕೊಡುತ್ತಾರಾ?” ಮಂಜಣ್ಣ ಕೇಳಿದ.

“ಬಿಜಾಪುರದ ಸೇನಾಪತಿ ರಣದುಲ್ಲಾ ಖಾನನ ಕಾಲದಲ್ಲಿ ಕೊಡುತ್ತಿದ್ದರೇನೋ. ನೀನು ಸ್ವಲ್ಪ ಲೇಟು.”

ಒಟ್ಟು ಸುತ್ತು ನೂರು ಕಿಲೋಮೀಟರ್ ಹತ್ತಿರ ಆಗುತ್ತದೆ ಅಂದ ಕೂಡಲೇ ತಿಪ್ಪೇಶ ತನ್ನ ಕಡೆಗೆ ಎಳೆದ. “ಅಷ್ಟು ತುಳಿಯೋದಾದರೆ ದುರ್ಗಕ್ಕೇ ಬರಬಹುದಲ್ಲ!” ಅವನ ದಾರಿಯಲ್ಲೂ ಕೆರೆಗಳಿವೆ, ಅದನ್ನು ಒಪ್ಪಬೇಕು. ಭರಮಸಾಗರದವರೆಗೆ ಹೇಗೋ ಸರ್ವಿಸ್ ರೋಡು. ಅಲ್ಲಿ ಭರಮಣ್ಣ ನಾಯಕನ ಹೆಸರಿನ ಕೆರೆ. ಬಲಕ್ಕೆ ತಿರುಗಿ ಸಿರಿಗೆರೆ, ಮುಂದೆ ಭೀಮಸಮುದ್ರ. ಆ ಕೆರೆಯೂ ಅದೇ ನಾಯಕನದು. ಏರಿ ಮೇಲೆ ನಿಂತರೆ ಕೆಳಗೆ ಅಡಿಕೆ, ತೆಂಗು. ದುರ್ಗದ ಬಿಸಿಲು ನೋಡಿದವರು ಇದೂ ಇದೇ ತಾಲೂಕು ಅಂದರೆ ನಂಬುವುದಿಲ್ಲ. ಒಂದೇ ತೊಂದರೆ. ಆ ಕಡೆ ಅದಿರಿನ ಲಾರಿಗಳ ಓಡಾಟ ಇದೆ. ಲಾರಿ ಹೋದ ಮೇಲೆ ಬಿಳಿ ಬನಿಯನ್ ಹಾಕಿದವರು ಕೆಂಪು ಬನಿಯನ್‌ನಲ್ಲಿ ಮನೆ ಸೇರುತ್ತಾರೆ. ಭಾನುವಾರ ಬೆಳಗಿನ ಜಾವ ದಾಟಿಬಿಡಬೇಕು.

“ಆಮೇಲೆ ಗಾಳಿ,” ಅಂದ ತಿಪ್ಪೇಶ, ಗುಟ್ಟು ಹೇಳುವವನಂತೆ. “ದುರ್ಗದ ಗುಡ್ಡದ ಮೇಲೆ ಅಷ್ಟೊಂದು ಫ್ಯಾನ್ ಸುಮ್ನೆ ನಿಲ್ಲಿಸಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದ ಗಾಳಿ. ಇಲ್ಲಿಂದ ಹೊರಟರೆ ಬೆನ್ನಿಗೆ ಕೈ ಕೊಟ್ಟು ತಳ್ಳುತ್ತೆ. ಹತ್ತು ವರ್ಷ ಚಿಕ್ಕವರಾದ ಹಾಗೆ ಆಗುತ್ತೆ.”

“ಬರುವಾಗ?”

“ಬರುವಾಗ ಆ ಹತ್ತೂ ವರ್ಷ ಬಡ್ಡಿ ಸಮೇತ ವಾಪಸ್ ಕೊಡುತ್ತೆ.”

“ಹಾಗಾದರೆ ಬರುವಾಗ ರೈಲು,” ಅಂದ ಮಂಜಣ್ಣ. ದುರ್ಗದಿಂದ ದಾವಣಗೆರೆಗೆ ರೈಲು ಅಂದರೆ ಚಿಕ್ಕಜಾಜೂರಿಗೆ ಹೋಗಿ ಸುತ್ತಿ ಬರಬೇಕು. ಗೊತ್ತಾದ ಮೇಲೆ ಮಂಜಣ್ಣ ಇನ್ನೊಂದು ಮಿರ್ಚಿ ಹೇಳಿದ.

ಇಷ್ಟಾದರೂ ದುರ್ಗಕ್ಕೆ ಹೋದರೆ ಕೋಟೆಗಿಂತ ಮೊದಲು ಚಂದ್ರವಳ್ಳಿಗೆ ಹೋಗಬೇಕು ಅನ್ನುವುದು ಗಿರಿಜಕ್ಕನ ಹಟ. ತಿಪ್ಪೇಶನ ಮುಖ ಬಾಡಿತು. ಏಳು ಸುತ್ತಿನ ಕೋಟೆ, ಓಬವ್ವನ ಕಿಂಡಿ, 1779ರಲ್ಲಿ ಹೈದರಾಲಿ, ಮದಕರಿ ನಾಯಕ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಅಕ್ಕ ತಲೆಯಾಡಿಸಿದರು. “ಕೋಟೆಯನ್ನು ಮೆಟ್ಟಿಲು ಹತ್ತಿಯೇ ನೋಡಬೇಕು, ಸೈಕಲ್ ಕೆಳಗೇ ಬಿಡಬೇಕು. ಚಂದ್ರವಳ್ಳಿಗೆ ಸೈಕಲ್ ಮೇಲೆಯೇ ಹೋಗಬಹುದು. ಅಲ್ಲಿ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ. ಯಾರ್ಯಾರನ್ನು ಗೆದ್ದೆ ಅಂತ ಉದ್ದ ಪಟ್ಟಿ. ಆದರೆ ಶಾಸನ ಹಾಕಿಸಿದ್ದು ಯಾತಕ್ಕೆ? ಕೆರೆಗೆ!” ನಾಲ್ಕನೇ ಶತಮಾನದ ಸಾಕ್ಷಿ ತಮ್ಮ ಕಡೆಗೇ ಇದೆ ಅನ್ನುವ ಖುಷಿಯಲ್ಲಿ ಅಕ್ಕ ತಿಪ್ಪೇಶನ ತಟ್ಟೆಯಿಂದ ಈರುಳ್ಳಿ ಎತ್ತಿಕೊಂಡರು.

ನನ್ನ ಓಟು ಉತ್ತರಕ್ಕೆ. ಕೊಂಡಜ್ಜಿ ಕೆರೆ ಬೆಳಗಿನ ವ್ಯಾಯಾಮಕ್ಕೆ ಸಾಕು. ಅಣಜಿ, ಉಚ್ಚಂಗಿದುರ್ಗದ ಕಡೆ ಹೋದರೆ ರಸ್ತೆಯಲ್ಲಿ ಕುರಿಮಂದೆ ಬಿಟ್ಟರೆ ಟ್ರಾಫಿಕ್ ಇಲ್ಲ. ಆದರೆ ಆ ದಾರಿಯಲ್ಲಿ ಹೆಲ್ಮೆಟ್ ಹಾಕಿಕೊಂಡು ಬೆವರು ಸುರಿಸುತ್ತ ಹೋದರೆ ಪ್ರತಿ ಅಜ್ಜಿಯೂ ಕೇಳುವುದು ಒಂದೇ: “ಉಚ್ಚಂಗೆಮ್ಮನಿಗೆ ಹರಕೆನಾ ಮಗಾ? ಏನು ಕಷ್ಟ ಬಂದಿತ್ತು?” ಆರೋಗ್ಯಕ್ಕೆ ಅಂದರೆ ಅಜ್ಜಿಯ ಕಣ್ಣು ತುಂಬಿ ಬರುತ್ತದೆ. ಏನೋ ದೊಡ್ಡ ಕಾಯಿಲೆ ಅಂದುಕೊಳ್ಳುತ್ತಾರೆ.

“ಅಣಜಿಗೆ ಬಂದರೆ ನಾನು ಅಲ್ಲೇ ಹುಲ್ಲಿನ ಮೇಲೆ ಮಲಗಿಬಿಡುತ್ತೇನೆ, ಮುಂದೆ ಬರಲ್ಲ,” ಅಂದ ಮಂಜಣ್ಣ.

“ಮಲಗು, ನೀನೇ ಮೊದಲಿಗನಲ್ಲ,” ಅಂದರು ಗಿರಿಜಕ್ಕ. “ಕದಂಬ ಕೃಷ್ಣವರ್ಮನ ಸೈನ್ಯ ಪಲ್ಲವರ ಕೈಯಲ್ಲಿ ಸೋತಾಗ ಶಿವನಂದವರ್ಮ ಬೇಸರ ಬಂದು ದರ್ಭೆಯ ಹಾಸಿಗೆ ಮೇಲೆ ಮಲಗಿದ ಅಂತ ಅಣಜಿ ಶಾಸನದಲ್ಲೇ ಇದೆ. ಅವನಿಗೆ ಸ್ವರ್ಗ ಬೇಕಿತ್ತು. ನಿನಗೆ?”

“ನಿಂಬೆ ಸೋಡಾ.”

ಇದರ ಮಧ್ಯೆ ತಿಪ್ಪೇಶನಿಗೆ ಬ್ರಹ್ಮಗಿರಿ ನೆನಪಾಯಿತು. ಚಳ್ಳಕೆರೆ ದಾಟಿ ಮೊಳಕಾಲ್ಮೂರು ತಾಲೂಕಿಗೆ ಹೋಗಬೇಕು. ನೆರಳಿನ ಆಸೆ ಬಿಟ್ಟೇ ಹೊರಡಬೇಕು. 1892ರಲ್ಲಿ ಬಿ.ಎಲ್. ರೈಸ್ ಅಲ್ಲಿ ಅಶೋಕನ ಶಾಸನ ಪತ್ತೆ ಮಾಡಿದರು. ಅದರಲ್ಲಿ 256 ಅನ್ನುವ ಅಂಕಿ ಬರುತ್ತದೆ, ರಾಜ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಅಂತ ಓದುತ್ತಾರೆ.

ಮಂಜಣ್ಣ ಬಾಯಿ ತೆರೆದ. “256 ರಾತ್ರಿ ಮನೆಯಿಂದ ಹೊರಗೆ! ಮನೆಯಲ್ಲಿ ಏನು ಹೇಳಿ ಹೊರಟನಂತೆ?”

“ಧರ್ಮ ಪ್ರಚಾರ.”

“ಅದೇ ಹೇಳಿ ನೋಡ್ತೀನಿ.”

ದಾರಿಗಿಂತ ದಾರಿಯ ಮೇಲೆ ಬಿದ್ದಿರುವುದು ಮುಖ್ಯ ಅಂತ ಯಾರೂ ಎತ್ತುವುದಿಲ್ಲ, ನಾನೇ ಎತ್ತಿದೆ. ಮಳೆಗಾಲ ಮುಗಿದ ಮೇಲೆ ನಮ್ಮ ಕಡೆಯ ಹಳ್ಳಿ ರಸ್ತೆಗಳು ಅರ್ಧ ಸರ್ಕಾರದವು, ಅರ್ಧ ಮೆಕ್ಕೆಜೋಳದವು. ರೈತರಿಗೆ ಕಣ ಇಲ್ಲ, ಡಾಂಬರು ಚೆನ್ನಾಗಿ ಕಾಯುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ತಿರುವಿನಲ್ಲಿ ಸಣ್ಣ ಟೈರು ಕಾಳಿನ ಮೇಲೆ ಹತ್ತಿತೋ, ಮುಗಿಯಿತು. ಇಳಿದು ತಳ್ಳಿಕೊಂಡು ಹೋಗುವುದೇ ಮರ್ಯಾದೆ. ಜೋಳಕ್ಕೂ, ನಮಗೂ. ಇನ್ನು ಬಳ್ಳಾರಿ ಜಾಲಿ ಮುಳ್ಳು. ಮಂಜಣ್ಣನ ಗೇರ್ ಸೈಕಲ್‌ನ 25 ಎಂಎಂ ಟೈರು ಕಂಡರೆ ಆ ಮುಳ್ಳಿಗೆ ಹಸಿವು ಕೆರಳುತ್ತದೆ. ಗಿರಿಜಕ್ಕನ ದಪ್ಪ ಟೈರಿನ, ಮುಂದೆ ಬುಟ್ಟಿ ಇರುವ ಲೇಡೀಸ್ ಸೈಕಲ್ ಮಾತ್ರ ಅದೇ ಮುಳ್ಳಿನ ಮೇಲೆ ಗಂಟೆ ಬಾರಿಸಿಕೊಂಡು ಹೋಗುತ್ತದೆ. ಮಂಜಣ್ಣ ತನ್ನ ಸೈಕಲ್ಲಿನ ಬೆಲೆಯನ್ನು ಮನೆಯಲ್ಲಿ ಇನ್ನೂ ಪೂರ್ತಿ ಹೇಳಿಲ್ಲ. ಹಾಗಾಗಿ ಇಂಥ ಹೊತ್ತಿನಲ್ಲಿ ನಾವು ಬೆಲೆಯ ಮಾತು ಎತ್ತುವುದಿಲ್ಲ.

ಕೊನೆಗೆ ಬಿಲ್ ಬಂದಾಗ ಸೂಳೆಕೆರೆ ಗೆದ್ದಿತ್ತು. ಬೆಳಿಗ್ಗೆ ಐದೂವರೆಗೆ ಹೊರಡುವುದು.

“ಮಲೇಬೆನ್ನೂರು ಬಿಟ್ಟ ಮೇಲೆ ಹೋಟೆಲ್ ಇದೆಯಾ?” ಮಂಜಣ್ಣ ಮೆಲ್ಲಗೆ ಕೇಳಿದ.

“ಚಾನಲ್ ದಾರಿಯಲ್ಲಿ ಎಲ್ಲಿಯ ಹೋಟೆಲ್? ನಾನು ಬುಟ್ಟಿಯಲ್ಲಿ ಅವಲಕ್ಕಿ, ಚಕ್ಕುಲಿ ತರುತ್ತೇನೆ,” ಅಂದರು ಅಕ್ಕ.

ಮಂಜಣ್ಣ ಸ್ವಲ್ಪ ಯೋಚಿಸಿದ. ಆಮೇಲೆ ತುಂಬ ಗಂಭೀರವಾಗಿ ನಮಗೆಲ್ಲ ವಿವರಿಸಿದ: ಮುಂದಿನ ಸೈಕಲ್ಲಿಗೆ ಅಂಟಿಕೊಂಡಂತೆ ತುಳಿದರೆ ಗಾಳಿ ಕಮ್ಮಿ ಹೊಡೆಯುತ್ತದೆ, ರೇಸ್‌ನವರೆಲ್ಲ ಹಾಗೇ ಮಾಡುತ್ತಾರೆ. ಅದಕ್ಕೇ ತಾನು ಪೂರ್ತಿ ದಾರಿ ಗಿರಿಜಕ್ಕನ ಹಿಂದೆಯೇ ಇರುತ್ತಾನಂತೆ.